ಅಕ್ಕನಿಗೆ ರಕ್ತ, ತಮ್ಮನಿಗೆ ಸುಸ್ತು

ಹೋದ ವಾರ ಚೈತ್ರಳ ಶಾಲೆಯ ಚೀಲವನ್ನು ಒಗೆಯಲು ತೆಗೆದಾಗ ಅದರ ಬದಿಯ ಜೇಬಿನಲ್ಲಿ ಕಬ್ಬಿಣದ ಮಾತ್ರೆ ಸಿಕ್ಕಿತು. ಶಾಲೆಯಲ್ಲಿ ವಾರಕ್ಕೊಂದು ಕೊಡುವುದು. ನುಂಗದೆ ಜೇಬಿಗೆ ಹಾಕಿಕೊಂಡು ಬಂದಿದ್ದಾಳೆ. ಮಳೆಗೆ ನೆನೆದು ಬಣ್ಣ ಬಿಟ್ಟಿತ್ತು. ಮೂಗಿನ ಹತ್ತಿರ ಹಿಡಿದೆ. ತುಕ್ಕು ಹಿಡಿದ ಕುಡುಗೋಲಿನ ವಾಸನೆ. ಅಷ್ಟಕ್ಕೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ನಿಮ್ಮಮ್ಮ ಓಡಿ ಬಂದು, "ಯಾಕತ್ತೆ, ತಲೆ ಸುತ್ತಾ?" ಎಂದಳು. ಇಲ್ಲ ಎಂದೆ.

ಚೈತ್ರ, ಕಿರಣ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿವರೆಗೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಮೆಚ್ಚುತ್ತಿದ್ದರು, ಎದ್ದು ನಿಂತು ಓದು ಎಂದರೆ ಮಾತ್ರ ನನಗೆ ದನಿಯೇ ಹೊರಡುತ್ತಿರಲಿಲ್ಲ. ಅರವತ್ತು ಹತ್ತಿರ ಬಂದರೂ ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಆಗದ ಕೆಲಸ. ಆದ್ದರಿಂದ ಕಿರಣನ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದಿಡುತ್ತೇನೆ. ದೊಡ್ಡವರಾದ ಮೇಲೆ ಓದಿ.

ಬರೆಯಲು ಕಾರಣ ನಿಮ್ಮಪ್ಪ ಮಂಜು. ಅವನಿಗೆ ಈ ಶ್ರಾವಣಕ್ಕೆ ನಲವತ್ತು ತುಂಬಿತು. ನಿಮ್ಮ ತಾತ ತೀರಿಕೊಂಡ ವರ್ಷ ಮೈಸೂರಿನ ಡಾಕ್ಟರಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು, "ಅಪ್ಪನಿಗೂ ಬಂತು, ಅತ್ತೆಗೂ ಬಂತು. ನಲವತ್ತಾದ ಕೂಡಲೇ ನೀವೂ ಕರುಳಿನ ಕ್ಯಾಮೆರಾ ಟೆಸ್ಟ್ ಮಾಡಿಸಲೇಬೇಕು" ಎಂದಿದ್ದರು. ಈಗ ನೆನಪಿಸಿದರೆ ಅವನು ನಗುತ್ತಾನೆ. "ನಂಗೇನಾಗದೆ ಅವ್ವ? ಫ್ಯಾಕ್ಟರೀಲಿ ಎಂಟು ಗಂಟೆ ನಿಂತ್ಕಂಡು ಕೆಲ್ಸ ಮಾಡ್ತೀನಿ, ಬಂದು ಮೂರು ಹಸ ಕರೀತೀನಿ" ಎನ್ನುತ್ತಾನೆ. ಇದೇ ಜಗಲಿಯ ಮೇಲೆ ಇದೇ ಮಾತನ್ನು ಅವನಪ್ಪನ ಬಾಯಲ್ಲಿ ಕೇಳಿದ್ದೇನೆ.

ಒಂಬತ್ತು ವರ್ಷದ ಹಿಂದಿನ ಮಾತು. ಆ ವರ್ಷ ಆಷಾಢ ಕಳೆಯುತ್ತ ಬಂದರೂ ನಾಲೆಗೆ ನೀರು ಬಿಟ್ಟಿರಲಿಲ್ಲ. ಬರೀ ಗಾಳಿ. ಗಂಡಸರಿಗೆ ಕೆಲಸವಿಲ್ಲದೆ ಜಗಲಿಗಳೆಲ್ಲ ತುಂಬಿದ್ದವು. ಅಂಥ ಒಂದು ಮಧ್ಯಾಹ್ನ ನಿಮ್ಮ ಹೆಮ್ಮಿಗೆ ಅಜ್ಜಿ, ಅಂದರೆ ನಿಮ್ಮ ತಾತನ ಅಕ್ಕ, ನನಗೆ ಅತ್ತಿಗೆ, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಒಬ್ಬರೇ ಬಂದಿಳಿದರು. ಚೀಲವನ್ನು ಕೆಳಗಿಡುವ ಮೊದಲೇ ಶುರುಮಾಡಿದರು.

"ಲೇ ಸಿದ್ದ, ಎಲ್ಡ್ ತಿಂಗಳಿಂದ ನಂಗೆ ಕೆಳಗೆ ರಕ್ತ ಓಯ್ತಾ ಅದೆ ಕಣ್ಲಾ. ಮೈಸೂರಿಗೆ ಕರ್ಕಂಡೋಗು."

ಜಗಲಿಯ ಮೇಲೆ ನಿಮ್ಮ ತಾತನ ಜೊತೆ ಪಕ್ಕದ ಮನೆಯ ಪುಟ್ಟಸ್ವಾಮಿ ಕುಳಿತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಒಳಕ್ಕೆ ಬನ್ನಿ ಅತ್ತಿಗೆ" ಎಂದು ಮೆಲ್ಲಗೆ ಕರೆದೆ.

"ಒಳಕ್ಯಾಕೆ? ಒಳಕ್ಕೆ ಬಂದ್ರೆ ನಿಂತೋಯ್ತದಾ?"

"ಮೊಳೆ ಇರ್ಬೇಕು ಕಣಕ್ಕ" ಎಂದ ಪುಟ್ಟಸ್ವಾಮಿ. ನಮ್ಮ ಕಡೆ ಮೂಲವ್ಯಾಧಿಗೆ ಹಾಗೆನ್ನುವುದು. "ಉಷ್ಣ. ಮಜ್ಜಿಗೆ ಕುಡಿ, ಸರಿಯೋಯ್ತದೆ."

"ಮೂರು ಮಕ್ಳ ಎತ್ತಿವ್ನಿ ಕಣಪ್ಪ ಪುಟ್ಸಾಮಿ. ಮೊಳೆ ಎಂಗಿರ್ತದೆ ಅಂತ ನೀನು ನಂಗೆ ಪಾಠ ಏಳ್ಬ್ಯಾಡ. ನನ್ನ ಮಕ್ಳೂ ಇಂಗೇ ಅಂದು ಎಲೆ ಅರೆದು ಕೊಡೋನ ತಾವ ಕರ್ಕಂಡೋದ್ರು. ಇದು ಅದಲ್ಲ. ಒಂದಿನ ಓಗೋದೇ ಇಲ್ಲ, ಒಂದಿನ ಏಳ್ ಸಲ ಓಗ್ಬೇಕು."

ಪುಟ್ಟಸ್ವಾಮಿ ನಗಲೂ ಆಗದೆ ಇರಲೂ ಆಗದೆ ಟವೆಲ್ ಕೊಡವಿಕೊಂಡು ಎದ್ದು ಹೋದ. ನಾನು ಅಡುಗೆಮನೆಗೆ ಹೋಗಿ ಒಲೆ ಮುಂದೆ ಕುಳಿತೆ. ಬೆಂಕಿಯಿರದ ಒಲೆ, ಆದರೂ ಮುಖ ಉರಿಯುತ್ತಿತ್ತು. ಒಬ್ಬ ಹೆಂಗಸಿಗೆ ಇಷ್ಟೂ ನಾಚಿಕೆ ಬೇಡವೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮೈಸೂರಿನಲ್ಲಿ ಕ್ಯಾಮೆರಾ ಬಿಟ್ಟು ನೋಡಿದರು. ಕರುಳಿನ ಎಡಗಡೆ ಕೊನೆಯ ಭಾಗದಲ್ಲಿ ಗೆಡ್ಡೆ. ಕ್ಯಾನ್ಸರ್ ಎಂದರು. ಶ್ರಾವಣದ ಮೊದಲ ವಾರ ಆಪರೇಷನ್ ಆಯಿತು. ಸುದ್ದಿ ಹೆಮ್ಮಿಗೆಯಿಂದ ನಮ್ಮೂರಿನವರೆಗೆ ಹರಡಿ, ನೆಂಟರೆಲ್ಲ ಕಡೇ ಸಲ ಮುಖ ನೋಡುವವರ ಹಾಗೆ ಆಸ್ಪತ್ರೆಗೆ ಹೋಗಿ ಬಂದರು. ರಕ್ತ ಕಂಡಿತು ಎಂದರೆ ಮುಗಿಯಿತು ಎಂಬುದು ಎಲ್ಲರ ಲೆಕ್ಕ. ನಾನೂ ಹಾಗೇ ತಿಳಿದಿದ್ದೆ. ಅತ್ತಿಗೆಯನ್ನು ಬೈದುಕೊಂಡಿದ್ದಕ್ಕೆ ದೇವರ ಮುಂದೆ ನಿಂತು ಕೆನ್ನೆ ಬಡಿದುಕೊಂಡೆ.

ಆಗಲೇ ನಾಲೆಗೆ ನೀರು ಬಂತು. ನಿಮ್ಮ ತಾತ ಒಂದು ದಿನ ನಾಟಿಗೆ, ಒಂದು ದಿನ ಆಸ್ಪತ್ರೆಗೆ ಹೀಗೆ ಓಡಾಡಿದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅತ್ತಿಗೆಯ ವಾರ್ಡು ಎರಡನೇ ಮಹಡಿಯಲ್ಲಿ. ಮೆಟ್ಟಿಲ ಮಧ್ಯೆ ನಿಮ್ಮ ತಾತ ಕಂಬಿ ಹಿಡಿದು ಕುಳಿತುಬಿಟ್ಟರು. "ನೀನು ಓಗಿರು, ಬತ್ತೀನಿ" ಎಂದರು. ಗದ್ದೆ ಬದುವಿನ ಮೇಲೆ ಗೊಬ್ಬರದ ಮೂಟೆ ಹೊತ್ತು ನಡೆಯುತ್ತಿದ್ದವರು. ನಾಟಿಯ ಆಯಾಸ ಇರಬೇಕು ಎಂದುಕೊಂಡೆ. ಮೇಲೆ ಹೋದರೆ ಅತ್ತಿಗೆ ಮೂಗಿಗೆ ನಳಿಗೆ ಹಾಕಿಸಿಕೊಂಡೇ, "ಎಲ್ಲೇ ಗೌರಿ ಅವನು? ಸಾಯೋಳು ನಾನು, ಏದುಸಿರು ಬಿಡೋನು ಅವನಾ?" ಎಂದು ಕೇಳಿದರು. ಪಕ್ಕದ ಮಂಚದವರೆಲ್ಲ ನಕ್ಕರು.

ನಿಮ್ಮ ತಾತನಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ನಂಜನಗೂಡಿನಲ್ಲಿ ತೋರಿಸುತ್ತಿದ್ದ ಡಾಕ್ಟರು ತೂಕ ಇಳಿಸಿ ಎಂದು ಪ್ರತಿ ಸಲವೂ ಹೇಳುವರು. ಇವರು ಹೂಂ ಎಂದು ಬಂದು ಎರಡು ಮುದ್ದೆ ಉಣ್ಣುವರು. ಆ ವರ್ಷ ಮಾತ್ರ ರಾತ್ರಿ ಮುದ್ದೆ ತಾವಾಗಿಯೇ ಬಿಟ್ಟರು. "ಸೇರಾಕಿಲ್ಲ" ಎಂದರು. ಡಾಕ್ಟರ ಮಾತು ಕೊನೆಗೂ ತಲೆಗೆ ಹೋಯಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಹೊಟ್ಟೆ ಕರಗಿತು, ಕೆನ್ನೆ ಕರಗಿತು. ಪುಟ್ಟಸ್ವಾಮಿ, "ಏನ್ ಸಿದ್ದಣ್ಣ, ಮದ್ವೆ ಗಂಡು ಆಗ್ಬುಟ್ಟಿದ್ದೀಯ! ಗೌರಕ್ಕ, ಉಸಾರು!" ಎಂದು ಹಾಸ್ಯ ಮಾಡುವನು. ಇವರು ನಕ್ಕು, "ಒಂದು ಮುದ್ದೆ ಬುಟ್ಟೆ ಕಣ್ಲಾ. ನೀನೂ ಬುಡು, ಆ ಹೊಟ್ಟೆ ಇಳೀತದೆ" ಎನ್ನುವರು.

ಗೌರಿ ಹಬ್ಬದ ದಿನ ಸ್ನಾನ ಮಾಡಿ ಹೊಸ ಉಡಿದಾರ ಕಟ್ಟಿಕೊಳ್ಳುವುದು ನಮ್ಮ ಮನೆಯ ರೂಢಿ. ಮೂವತ್ತು ವರ್ಷದಿಂದ ಅವರ ಸೊಂಟದ ಅಳತೆಗೆ ಕರಿದಾರ ಹೊಸೆದು ಗಂಟು ಹಾಕಿಕೊಡುತ್ತಿದ್ದವಳು ನಾನು. ಕೈಗೆ ಬಂದ ಅಳತೆ ಅದು, ನೋಡಬೇಕಾಗಿಯೇ ಇರಲಿಲ್ಲ. ಆ ಹಬ್ಬದ ದಿನ ದಾರ ಸೊಂಟದಿಂದ ಜಾರಿ ತೊಡೆಗೆ ಬಂತು. ಬಿಚ್ಚಿ ಮತ್ತೆ ಗಂಟು ಹಾಕಿದೆ. ನಾಲ್ಕು ಬೆರಳಿಗೂ ಮಿಗಿಲಾಗಿ ದಾರ ಉಳಿಯಿತು. ಅದನ್ನು ಕತ್ತರಿಸುವಾಗ ಮನಸ್ಸಿಗೆ ಯಾಕೋ ಸರಿ ಬರಲಿಲ್ಲ. ಒಂದು ಮುದ್ದೆ ಬಿಟ್ಟರೆ ಇಷ್ಟು ಇಳಿಯುತ್ತದೆಯೇ? ಕೇಳಲಿಲ್ಲ. ಹಬ್ಬದ ದಿನ ಕೆಟ್ಟ ಮಾತು ಯಾಕೆ ಎಂದು ಕಡುಬಿನ ಕಡೆ ಹೋದೆ.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ನಿಮ್ಮಪ್ಪನಿಗೂ ಇಲ್ಲ.

ನಮ್ಮ ಹಿತ್ತಲಿನಲ್ಲಿ ಆಗ ಹೊಸದಾಗಿ ಕಕ್ಕಸು ಕಟ್ಟಿಸಿದ್ದೆವು. ನಿಮ್ಮ ತಾತ ಬದುಕಿಡೀ ಬಯಲಿಗೆ ಹೋದವರು. ಒಳಗೆ ಹೋದರೂ ಹಿಂತಿರುಗಿ ನೋಡುವ ಅಭ್ಯಾಸವಿಲ್ಲ, ಒಂದು ಚೊಂಬು ನೀರು ಸುರಿದು ಬಂದುಬಿಡುವರು. ಉಳಿದದ್ದನ್ನು ತೊಳೆಯುವವಳು ನಾನು. ಶ್ರಾವಣದಿಂದಲೇ ನೋಡುತ್ತಿದ್ದೆ. ಕಪ್ಪಗೆ, ಡಾಂಬರಿನ ಹಾಗೆ ಅಂಟಂಟು, ಎಷ್ಟು ಉಜ್ಜಿದರೂ ಬಿಡದು. ವಾಸನೆಯೂ ಬೇರೆ. ರಾಗಿ ತಿನ್ನುವ ಮನೆಯಲ್ಲಿ ಕಪ್ಪಾಗುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ರಾಗಿ ನಾನೂ ತಿನ್ನುತ್ತಿದ್ದೆ, ನಿಮ್ಮಪ್ಪನೂ ತಿನ್ನುತ್ತಿದ್ದ. ಅದು ಹಾಗಲ್ಲ ಎಂದು ನನಗೆ ಗೊತ್ತಿತ್ತು.

ಹಬ್ಬ ಕಳೆದು ಎಂಟು ದಿನಕ್ಕೆ ಸಕ್ಕರೆ ಪರೀಕ್ಷೆಗೆಂದು ನಂಜನಗೂಡಿಗೆ ಹೋದೆವು. ರಕ್ತ ತುಂಬ ಕಡಿಮೆಯಾಗಿದೆ ಎಂದರು ಡಾಕ್ಟರು. "ಊಟ ಬಿಟ್ಟಿದ್ದೀರಲ್ಲ, ಅದಕ್ಕೇ ಇರಬೇಕು. ಮಲವಿಸರ್ಜನೆ ಸರಿಯಾಗಿ ಆಗ್ತಿದೆಯಾ?"

"ಸರ್ಯಾಗಿ ಆಯ್ತಾ ಅದೆ ಸಾ."

"ಬಣ್ಣ?"

"ಮಾಮೂಲಿ ಸಾ."

ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಅದು ಸಣ್ಣ ಕೋಣೆ. ಮುಂದಿನ ಚೀಟಿಯ ಇಬ್ಬರು ಗಂಡಸರು ಆಗಲೇ ಒಳಗೆ ಬಂದು ಬಾಗಿಲ ಹತ್ತಿರ ನಿಂತಿದ್ದರು, ಕಾಂಪೌಂಡರ್ ಮೇಜಿನ ಆಚೆ ಏನೋ ಬರೆಯುತ್ತಿದ್ದ. ‘ಇಲ್ಲ ಸಾರ್, ಕಪ್ಪಗೆ ಹೋಗುತ್ತಿದೆ’ ಎನ್ನುವಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಳಿತೆ. ಅಷ್ಟು ಗಂಡಸರ ಮುಂದೆ ಗಂಡನ ಅಂಥ ವಿಷಯವನ್ನು ಹೆಂಡತಿಯಾದವಳು ಹೇಗೆ ಎತ್ತುವುದು? ಅವರ ಮಾನ ಹೋಗುವುದಿಲ್ಲವೇ? ಡಾಕ್ಟರು ಕಬ್ಬಿಣದ ಟಾನಿಕ್ ಬರೆದುಕೊಟ್ಟು, "ಇದು ಕುಡಿದರೆ ಮಲ ಕಪ್ಪಗಾಗುತ್ತೆ, ಹೆದರಬೇಡಿ" ಎಂದರು.

ಮಕ್ಕಳೇ, ಆ ಮಾತು ಕೇಳಿ ನನಗೆ ಎಷ್ಟು ನಿರಾಳವಾಯಿತು ಗೊತ್ತೇ? ಇನ್ನು ಅದು ಕಪ್ಪಗಿದ್ದರೆ ಟಾನಿಕ್ಕಿನಿಂದ. ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಸಂಜೆ ಒಂದೊಂದು ಚಮಚ ನಾನೇ ಹುಯ್ದು ಕೊಟ್ಟೆ. ಅದರದೇ ಆ ತುಕ್ಕಿನ ವಾಸನೆ.

ಅತ್ತಿಗೆ ಹುಷಾರಾದರು. ಹೆಮ್ಮಿಗೆಗೆ ಹೋಗಿ ಜಗಲಿಯ ಮೇಲೆ ಕುಳಿತು ಸೊಸೆಯರನ್ನು ಬೈಯುವಷ್ಟು ಶಕ್ತಿ ಬಂತು. ದಸರಾ ಕಳೆದ ಮೇಲೆ ಮರುಪರೀಕ್ಷೆಗೆ ಕರೆಸಿದ್ದರು. ನಿಮ್ಮ ತಾತ ಕರೆದುಕೊಂಡು ಹೋದರು, ನಾನೂ ಹೋದೆ. ಡಾಕ್ಟರಮ್ಮ ಅತ್ತಿಗೆಯನ್ನು ನೋಡಿ ಮುಗಿಸಿ, ಇನ್ನೇನು ಹೊರಡಬೇಕು ಎನ್ನುವಾಗ ನಿಮ್ಮ ತಾತನನ್ನು ನಿಲ್ಲಿಸಿ ಕೆಳರೆಪ್ಪೆ ಎಳೆದು ನೋಡಿದರು.

"ಏನ್ರೀ ಇದು, ಕಾಯಿಲೆಯವರಿಗಿಂತ ನಿಮ್ಮ ಕಣ್ಣೇ ಬಿಳಿಚಿಕೊಂಡಿದೆ?"

"ಟಾನಿಕ್ ಕುಡೀತಾ ಇವ್ನಿ ಮೇಡಂ. ನಂಗೇನಾಗದೆ? ಅಕ್ಕನಂಗೆ ರಕ್ತ ಗಿಕ್ತ ಏನೂ ಓಗ್ತಿಲ್ಲ."

"ಹೋಗದೇ ಇದ್ದರೆ ಮೈಯಲ್ಲಿದ್ದ ರಕ್ತ ಎಲ್ಲಿ ಹೋಯ್ತು? ಈ ವಾರವೇ ಟೆಸ್ಟ್ ಮಾಡಿಸಿ."

ಬರುವಾಗ ಬಸ್ಸಿನಲ್ಲಿ ಅತ್ತಿಗೆ ಇಡೀ ಬಸ್ಸಿಗೆ ಕೇಳುವ ಹಾಗೆ ತಮ್ಮನನ್ನು ಬೈದರು. "ಮೇಡಂ ಏಳಿದ್ದು ಕೇಳ್ನಿಲ್ವಾ? ನಾಳೇನೇ ಓಗು. ಕ್ಯಾಮ್ರ ಏನ್ ನಿನ್ನ ಕಚ್ತದಾ?" ಇವರು ಕಿಟಕಿಯ ಕಡೆ ತಿರುಗಿ, "ತೆನೆ ಬಗ್ಗಿ ನಿಂತದೆ ಕಣಕ್ಕ. ಸುಗ್ಗಿ ಮುಗೀಲಿ, ಓಯ್ತೀನಿ" ಎಂದರು. ನಾನು ಅತ್ತಿಗೆಯ ಪಕ್ಕದಲ್ಲೇ ಇದ್ದೆ. ಟಾನಿಕ್ಕಿಗೂ ಮೊದಲೇ ಕಪ್ಪಗಿತ್ತು ಎಂದು ಆಗಲಾದರೂ ಅತ್ತಿಗೆಯ ಕಿವಿಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಅವರು ಡ್ರೈವರಿಗೆ ಹೇಳಿ ಬಸ್ಸನ್ನೇ ಮೈಸೂರಿಗೆ ತಿರುಗಿಸುತ್ತಿದ್ದರು. ಹಾಗೆ ತಿರುಗಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದಲೇ ಹೇಳಲಿಲ್ಲ.

ಆ ಸಲ ಬೆಳೆ ಚೆನ್ನಾಗಿ ಬಂದಿತ್ತು. ಗದ್ದೆಗೆ ಕಟಾವಿನ ಮಷೀನು ಬರುವ ದಿನ ಬೆಳಿಗ್ಗೆಯಿಂದ ನಿಮ್ಮ ತಾತ ಹೊಟ್ಟೆ ಹಿಡಿದುಕೊಂಡೇ ಓಡಾಡಿದರು. ಎರಡು ದಿನದಿಂದ ಏನೂ ಹೋಗಿರಲಿಲ್ಲ, ಗಾಳಿಯೂ ಇಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಭತ್ತ ಟ್ರ್ಯಾಕ್ಟರಿಗೆ ಸುರಿಯುತ್ತಿರುವಾಗ ಬದುವಿನ ಮೇಲೆ ಕುಳಿತು ವಾಂತಿ ಮಾಡಿದರು. ಪುಟ್ಟಸ್ವಾಮಿ ಮತ್ತು ನಿಮ್ಮಪ್ಪ ಎತ್ತಿಕೊಂಡು ಕಾರಿಗೆ ಹಾಕಿದರು. ಅಂದು ಸಂಜೆಯೇ ಮೈಸೂರಿನಲ್ಲಿ ಹೊಟ್ಟೆ ಕೊಯ್ದರು. ಗೆಡ್ಡೆ ಬಲಗಡೆ ಇತ್ತು. ಕರುಳು ಕಟ್ಟಿಕೊಂಡಿತ್ತು. ಈಲಿಗೂ, ಅಂದರೆ ಲಿವರ್‌ಗೂ, ಹರಡಿಬಿಟ್ಟಿತ್ತು.

ವಾರ ಕಳೆದ ಮೇಲೆ ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದು ತೋರಿಸಿದರು. ಬಲಗಡೆ ಮೇಲೇರಿ, ಹೊಟ್ಟೆಗೆ ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ಬಲಗಡೆ ಅಗಲ, ಒಳಗಿನದೆಲ್ಲ ನೀರುನೀರಾಗಿರುತ್ತದೆ. ಅಲ್ಲಿ ಗೆಡ್ಡೆ ಬೆಳೆದರೂ ಬೇಗ ಅಡ್ಡವಾಗುವುದಿಲ್ಲ, ಒಸರುವ ರಕ್ತ ಕಲೆತು ಕಪ್ಪಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಬರೀ ಸುಸ್ತು, ಬಿಳಿಚಿಕೊಳ್ಳುವುದು, ತೂಕ ಇಳಿಯುವುದು. ಎಡಗಡೆ ಕಿರಿದು, ಹೊರಗೆ ಹತ್ತಿರ. ಅಲ್ಲಿ ಸ್ವಲ್ಪ ಬೆಳೆದರೂ ಕೆಂಪು ರಕ್ತ ಕಾಣುತ್ತದೆ, ಹೋಗುವ ಅಭ್ಯಾಸ ಕೆಡುತ್ತದೆ. ಹೆದರಿ ಬೇಗ ಬರುತ್ತಾರೆ.

ನಿಮ್ಮ ತಾತ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನಿಂದು ಗದ್ದೆ ಕಾಲುವೆ ಕಣಕ್ಕ. ಒಂದು ಹಿಡಿ ಹುಲ್ಲು ಸಿಕ್ಕಂಡ್ರೂ ನೀರು ನಿಂತು ಗೊತ್ತಾಯ್ತದೆ. ನಂದು ದೊಡ್ಡ ನಾಲೆ. ಬಂಡೆ ಬಿದ್ರೂ ನೀರು ಬಳಸ್ಕಂಡು ಓಯ್ತದೆ" ಎಂದರು. ಅತ್ತಿಗೆ ಆ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಒಂದು ದಿನ ಡಾಕ್ಟರಮ್ಮ ಒಬ್ಬರೇ ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ, "ಶ್ರಾವಣದಲ್ಲೇ ಬಂದಿದ್ರೆ ಉಳೀತಿದ್ರಾ?" ಅವರು ಸುಳ್ಳು ಹೇಳಲಿಲ್ಲ. "ಎಷ್ಟು ದಿನದಿಂದ ಅನ್ನೋದೊಂದೇ ಅಲ್ಲಮ್ಮ. ಆರು ತಿಂಗಳು ನರಳಿ ಬಂದು ಗುಣವಾದವರಿದ್ದಾರೆ, ಹದಿನೈದು ದಿನಕ್ಕೇ ಬಂದೂ ಕೈಗೆ ಸಿಗದವರಿದ್ದಾರೆ. ಎಲ್ಲಿ ಇದೆ, ಎಷ್ಟು ಹರಡಿದೆ ಅನ್ನೋದು ದೊಡ್ಡದು. ಆದರೆ ಹೀಗೆ ಕರುಳು ಕಟ್ಟಿಕೊಂಡು ಬಂದವರದು ಕಷ್ಟ. ಅದಕ್ಕೆ ಮುಂಚೆ ನೋಡಿದ್ದರೆ ಏನಾದರೂ ಮಾಡಬಹುದಿತ್ತೇನೋ." ಆ ‘ಏನೋ’ ನನ್ನ ಜೊತೆ ಒಂಬತ್ತು ವರ್ಷದಿಂದ ಇದೆ. ತಪ್ಪು ನಿನ್ನದೇ ಎಂದು ಅವರು ಹೇಳಿದ್ದರೆ ಅತ್ತು ಮುಗಿಸುತ್ತಿದ್ದೆ. ನಿನ್ನದಲ್ಲ ಎಂದಿದ್ದರೂ ಆಗುತ್ತಿತ್ತು.

ಯುಗಾದಿಗೆ ಹನ್ನೆರಡು ದಿನ ಇರುವಾಗ ಹೋದರು. ಐವತ್ತೈದು ವರ್ಷ. ಕಡೆಯ ತಿಂಗಳು ಟಾನಿಕ್ಕೂ ಇರಲಿಲ್ಲ, ಹಸಿವೂ ಇರಲಿಲ್ಲ. ಎಳನೀರು ಚಮಚದಲ್ಲಿ ಹಾಕುತ್ತಿದ್ದೆ. ನೋವಿನ ಮಧ್ಯೆಯೂ ಯಾರಾದರೂ ಬಂದರೆ ಎದ್ದು ಕೂರಲು ನೋಡುವರು. ಹೇಗಿದ್ದೀಯ ಎಂದರೆ, "ಸರ್ಯಾಗಿವ್ನಿ" ಎನ್ನುವರು.

ತಿಥಿ ಕಳೆಯುವುದರೊಳಗೆ ಊರಲ್ಲಿ ಒಂದು ಮಾತು ಹುಟ್ಟಿತು. ಅಕ್ಕನಿಗೆ ಬರಬೇಕಾದ ಸಾವನ್ನು ತಮ್ಮ ತಗೊಂಡ, ತಮ್ಮನ ಆಯಸ್ಸು ತಿಂದು ಅವಳು ಗುಂಡುಕಲ್ಲಿನ ಹಾಗೆ ಕೂತಿದ್ದಾಳೆ ಎಂದು. ನನ್ನ ಎದುರಿಗೇ ಆಡಿದರು, ಅತ್ತಿಗೆಯ ಕಿವಿಗೂ ಬಿತ್ತು. ರಕ್ತ ಕಂಡವಳು ಬದುಕಿ, ಏನೂ ಕಾಣದವನು ಸತ್ತರೆ ಜನಕ್ಕೆ ಬೇರೆ ಕಾರಣ ಹೊಳೆಯಲಿಲ್ಲ. ಕಾರಣ ಗೊತ್ತಿದ್ದವಳು ನಾನೊಬ್ಬಳು. ಆಗಲೂ ಸುಮ್ಮನಿದ್ದೆ. ಅತ್ತಿಗೆ ಆಮೇಲೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಹೆಮ್ಮಿಗೆ ಅಜ್ಜಿ ಯಾಕೆ ನಮ್ಮನೆಗೆ ಬರಲ್ಲ ಎಂದು ಚೈತ್ರ ಕೇಳುತ್ತಿದ್ದಳಲ್ಲ, ಕಾರಣ ಇದು.

ಇಷ್ಟನ್ನು ಸೋಮವಾರ ಬರೆದು ನಿಲ್ಲಿಸಿದ್ದೆ.

ಇಂದು ಗುರುವಾರ. ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮಪ್ಪ ಒಳಗಿದ್ದಾನೆ. ಏನು ಬರುತ್ತದೋ ಗೊತ್ತಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.

ಸೋಮವಾರ ರಾತ್ರಿ ಊಟಕ್ಕೆ ಕುಳಿತಾಗ ಅವನಿಗೆ ಹೇಳಿದೆ. ನಿಮ್ಮಮ್ಮನೂ ಅಲ್ಲೇ ಇದ್ದಳು. "ಮಂಜು, ನಿಮ್ಮಪ್ಪಂಗೆ ಟಾನಿಕ್ಕಿಗೆ ಮೊದ್ಲೇ ಕಪ್ಪಗೆ ಓಯ್ತಿತ್ತು. ನಾನು ನೋಡಿದ್ದೆ. ಡಾಕ್ಟ್ರು ಬಣ್ಣ ಎಂಗದೆ ಅಂತ ಕೇಳ್ದಾಗ ಪಕ್ಕದಲ್ಲೇ ಕೂತಿದ್ದೆ. ಏಳ್ನಿಲ್ಲ."

ಮುದ್ದೆ ಮುರಿಯುತ್ತಿದ್ದ ಅವನ ಕೈ ನಿಂತಿತು. "ಎಷ್ಟ್ ದಿನದಿಂದ ನೋಡಿದ್ದೆ?"

"ತಿಂಗಳಾಗಿತ್ತು."

ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಮಂಗಳವಾರ ಮಾತಿಲ್ಲ. ಬುಧವಾರವೂ ಇಲ್ಲ. ನಾನು ಮಾಡಿದ ಕಾಫಿಯನ್ನು ನಿಮ್ಮಮ್ಮನ ಕೈಯಿಂದ ತರಿಸಿಕೊಂಡು ಕುಡಿದ. ಬುಧವಾರ ಸಂಜೆ ಫ್ಯಾಕ್ಟರಿಯಿಂದ ಬಂದವನು ಒಂದು ಪೊಟ್ಟಣವನ್ನು ನನ್ನ ಮುಂದೆ ಇಟ್ಟು, ಗೋಡೆ ನೋಡಿಕೊಂಡು ಹೇಳಿದ, "ನಾಳೆ ಟೆಸ್ಟು. ಬೆಳಿಗ್ಗೆ ಎದ್ದು ಇದನ್ನ ನೀರಿಗೆ ಕಲಸಿ ಕುಡೀಬೇಕಂತೆ. ಒಟ್ಟೆ ಪೂರಾ ತೊಳೆದು, ನೀರಿನಂಗೆ ತಿಳಿ ಬರೋಗಂಟ."

ಇವತ್ತು ಬೆಳಿಗ್ಗೆ ಐದು ಗಂಟೆಯಿಂದ ಅವನು ಹಿತ್ತಲಿಗೂ ಮನೆಗೂ ಓಡಾಡಿದ. ಐದನೆಯದೋ ಆರನೆಯದೋ ಸಲ ಕಕ್ಕಸಿಗೆ ಹೋದಾಗ ನಾನು ಹೋಗಿ ಬಾಗಿಲ ಮುಂದೆ ನಿಂತೆ.

"ಮಂಜು, ಬಣ್ಣ ಎಂಗದೆ?"

ಇನ್ನೂ ಜೋರಾಗಿ ಕೇಳಿದೆ. "ಬಣ್ಣ ಎಂಗದೆ ಏಳ್ಲಾ!"

ಗೋಡೆಯ ಆಚೆಯಿಂದ ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ ತಲೆ ಎತ್ತಿದಳು. "ಇದೇನ್ ಗೌರಕ್ಕ, ನಲ್ವತ್ತು ವರ್ಷದ ಮಗನ್ನ ಇಂಗೆ ಕೇಳ್ತಿದ್ದೀಯ! ಬೀದಿಗೆಲ್ಲ ಕೇಳಿಸ್ತಾ ಅದೆ."

"ಕೇಳಿಸ್ಲಿ ಬುಡು ಜಯಮ್ಮ" ಎಂದೆ. ಬಾಗಿಲನ್ನು ಹಿಡಿದುಕೊಂಡೆ.

ಒಳಗೆ ನೀರು ಸುರಿದ ಸದ್ದಾಯಿತು. ಅದರ ಹಿಂದೆಯೇ ಅವನ ದನಿ ಬಂತು.

"ಇನ್ನೂ ತಿಳಿಯಾಗಿಲ್ಲ ಕಣವ್ವ. ಇನ್ನೊಂದು ಲೋಟ ಕಲಸು."

ಮೂರು ದಿನವಾಗಿತ್ತು ಅವನು ನನ್ನನ್ನು ಅವ್ವ ಎಂದು ಕರೆದು. ಲೋಟ ತರಲು ಒಳಗೆ ಹೋದೆ.